ಹಿಮ್ಮಡಿಯ ಹಿಂದೆ ಒಂದು ಬೆರಳು

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ರೇಡಿಯೇಷನ್ ಕೋಣೆಯ ದಪ್ಪ ಬಾಗಿಲಿನ ಎದುರು ಗೋಡೆಗೆ ಮೂವತ್ತಾರು ಗೂಡುಗಳ ಮರದ ಕಪಾಟು. ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತ ಐವತ್ತೇಳರ ಹಿರಿಯರೊಬ್ಬರು ಒದ್ದೆ ಬಟ್ಟೆಯಲ್ಲಿ ಒಂದೊಂದೇ ಗೂಡನ್ನು ಒರೆಸುತ್ತಿದ್ದಾರೆ. ಮೂಲೆಯ ಧೂಳು ಹಟ ಮಾಡಿದರೆ ಬೆರಳಿಗೆ ಬಟ್ಟೆ ಸುತ್ತಿ ತಿರುವುತ್ತಾರೆ. ಒರೆಸಿ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಅಂಗಡಿ ಬಾಗಿಲು ತೆರೆದ ಮಾಲೀಕರ ಹಾಗೆ ಕಪಾಟನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಇನ್ನು ಅರ್ಧ ಗಂಟೆಗೆ ಈ ಗೂಡುಗಳೆಲ್ಲ ಚಪ್ಪಲಿಗಳಿಂದ ತುಂಬುತ್ತವೆ.

ಅಟೆಂಡರ್ ಎಂಬುದು ಹುದ್ದೆ, ಚಪ್ಪಲಿಯಣ್ಣ ಎಂಬುದು ಹೆಸರು. ಬೇರೆ ಕಡೆ ಚಪ್ಪಲಿ ಎಂಬ ಮಾತು ಬಾಯಿಗೆ ಬರುವುದು ಸಿಟ್ಟು ನೆತ್ತಿಗೇರಿದಾಗ. ಈ ನೆಲಮಾಳಿಗೆಯಲ್ಲಿ ಮಾತ್ರ ಅದು ಪ್ರೀತಿಯ ಜೊತೆ ಬರುತ್ತದೆ. ಯಂತ್ರದ ಮೇಜು ಹತ್ತುವ ಮುನ್ನ ರೋಗಿಗಳು ಇವರ ಹತ್ತಿರ ಕಾಲಿನದನ್ನು ಬಿಡಬೇಕು. ಹತ್ತು ಹದಿನೈದು ನಿಮಿಷ ಕಳೆದು ಹೊರಬಂದಾಗ ಇವರೇ ಮಂಡಿಯೂರಿ ಅದನ್ನು ತೊಡಿಸುತ್ತಾರೆ.

“ತಗೊಂಡು ಗೂಡಿಗೆ ಇಡೋದು ಯಾರು ಬೇಕಾದ್ರೂ ಇಡಬಹುದು. ತೊಡಿಸೋದು ಮಾತ್ರ ನಾನೇ ತೊಡಿಸ್ಬೇಕು” ಎನ್ನುತ್ತಾರೆ ಚಪ್ಪಲಿಯಣ್ಣ.

ತೊಡಿಸುವಾಗ ಅವರ ಬಲಗೈಯ ತೋರುಬೆರಳು ಒಂದು ಕೆಲಸ ಮಾಡುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆದರೆ ಹಿಮ್ಮಡಿಯ ಹಿಂದೆ, ಬರೀ ಚಪ್ಪಲಿಯಾದರೆ ಪಾದದ ಮೇಲಿನ ಪಟ್ಟಿಯ ಕೆಳಗೆ, ಅದು ಒಮ್ಮೆ ತೂರಿ ಹೊರಬರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ನೋಡಿದವರಿಗೆ ಪಟ್ಟಿ ಸರಿಮಾಡಿದ ಹಾಗೆ ಕಾಣುತ್ತದೆ, ಅಷ್ಟೆ.

ಇದು ಕಳೆದ ತಿಂಗಳ ಒಂದು ಮಂಗಳವಾರದ ಬೆಳಗು. ಆರು ಗಂಟೆಗೆ ಮೊದಲ ತಂಡ ಮೆಟ್ಟಿಲಿಳಿಯತೊಡಗುತ್ತದೆ. ಚಪ್ಪಲಿಯಣ್ಣ ಬೆನ್ನು ತಿರುಗಿಸಿಕೊಂಡೇ ಬರುವವರನ್ನು ಗುರುತು ಹಿಡಿಯುತ್ತಾರೆ. ಇದು ಪೇಂಟರ್, ಒಂದು ಹೆಜ್ಜೆ, ಒಂದು ಊರುಗೋಲು. ಇದು ನಿವೃತ್ತ ಮೇಷ್ಟ್ರು, ಪ್ರತಿ ಮೆಟ್ಟಿಲಿಗೂ ನಿಂತು ಯೋಚಿಸುತ್ತಾರೆ. ಆಮೇಲೆ ಒಂದು ಹೊಸ ಸದ್ದು. ಪಟ್... ಮೌನ... ಪಟ್... ಮೌನ. ಸಡಿಲ ಚಪ್ಪಲಿ ಹಿಮ್ಮಡಿಗೆ ಹೊಡೆಯುವ ಸದ್ದು ಅದು. ಆದರೆ ಒಂದೇ ಕಾಲಿಂದ ಬರುತ್ತಿದೆ.

ಅವರು ತಿರುಗಿ ನೋಡಿದರೆ ಬೇಕರಿಯಮ್ಮ. ನಲವತ್ತನಾಲ್ಕರ ಹೆಂಗಸು, ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ, ಗರ್ಭಕೋಶದ ಕೊರಳಿನ ಕ್ಯಾನ್ಸರ್. ಇಪ್ಪತ್ತೈದು ದಿನದ ರೇಡಿಯೇಷನ್‌ನಲ್ಲಿ ಇಂದು ಹದಿನೇಳನೆಯದು. ಹದಿನಾರು ದಿನವೂ ಕಂದು ಬಣ್ಣದ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಹಾಕಿಕೊಂಡು ಬಂದವರು ಇಂದು ದೊಡ್ಡ ಗಂಡಸರ ಚಪ್ಪಲಿಯಲ್ಲಿ ಬಂದಿದ್ದಾರೆ. ಬಲಗಾಲಿನದು ದೋಣಿಯಂತೆ ತೇಲಾಡುತ್ತಿದೆ. ಎಡಗಾಲಿನದು ಅಳತೆ ಕೊಟ್ಟು ಹೊಲಿಸಿದಂತೆ ಕೂತಿದೆ.

“ಕೂತ್ಕೊಳ್ಳಮ್ಮ. ನೀರು ಕುಡಿದ್ರಾ?”

“ಕುಡ್ದೆ ಅಣ್ಣ.”

“ಚಪ್ಪಲಿ ಹೊಸದಾ?”

“ನಮ್ಮ ಮನೆಯವರದ್ದು. ಕತ್ತಲಲ್ಲಿ ಕಾಲಿಗೆ ಸಿಕ್ಕಿದ್ದು ಹಾಕ್ಕೊಂಡು ಬಂದ್ಬಿಟ್ಟೆ.”

ಚಪ್ಪಲಿಯಣ್ಣ ಮಂಡಿಯೂರಿ ಎಡಗಾಲಿನ ಚಪ್ಪಲಿ ತೆಗೆಯುತ್ತಾರೆ. ಪಾದದ ಮೇಲೆ ಪಟ್ಟಿಯ ಗುರುತು ಆಳವಾಗಿ ಮೂಡಿದೆ. ಬಲಗಾಲಿನಲ್ಲಿ ಗುರುತೇ ಇಲ್ಲ. ಅವರು ತಲೆ ಎತ್ತುವಷ್ಟರಲ್ಲಿ ಬೇಕರಿಯಮ್ಮನಿಗೆ ಅರ್ಥವಾಗಿದೆ. ಮುಂದಕ್ಕೆ ಬಾಗಿ, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ ಹೇಳುತ್ತಾರೆ.

“ಅಣ್ಣ, ಯಾರಿಗೂ ಹೇಳ್ಬೇಡಿ. ಇನ್ನು ಎಂಟೇ ಎಂಟು ದಿನ ಬಾಕಿ. ಈಗ ಈ ಊತ ಕಂಡ್ರೆ ರೇಡಿಯೇಷನ್ ನಿಲ್ಲಿಸ್ಬಿಡ್ತಾರೆ. ನಡುವೆ ನಿಂತ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂತ ಪಕ್ಕದ್ಮನೆಯೋರು ಹೇಳಿದ್ರು. ಎಂಟು ದಿನ ಕಳೀಲಿ, ನಾನೇ ಹೇಳ್ತೀನಿ.”

ಚಪ್ಪಲಿಯಣ್ಣ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಾರೆ. ಅವರ ಮುಂದಿರುವುದು ಪ್ರಾಣದ ಪ್ರಶ್ನೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಬೇಡುತ್ತಿರುವ ಹೆಣ್ಣುಮಗಳ ಹೆದರಿಕೆಯೂ ಗೊತ್ತು. ಆ ಒಂದು ಗಳಿಗೆ ಅವರು ಏನು ಯೋಚಿಸಿದರು ಎಂಬುದು ತಿಳಿಯಬೇಕಾದರೆ ಹನ್ನೊಂದು ವರ್ಷ ಹಿಂದೆ ಹೋಗಬೇಕು.

ಆಗ ಅವರು ಈ ಆಸ್ಪತ್ರೆಯವರಲ್ಲ. ಪೇಟೆ ಬೀದಿಯ ಪಾದರಕ್ಷೆ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಜನರ ಕಾಲಿಗೆ ಅಳತೆ ನೋಡಿದವರು. ಇಳಿಜಾರಿನ ಹಲಗೆಯ ಪುಟ್ಟ ಸ್ಟೂಲಿನ ಮೇಲೆ ಕೂತು, ಎದುರಿನವರ ಪಾದವನ್ನು ಆ ಹಲಗೆಯ ಮೇಲಿರಿಸಿಕೊಂಡು, ಶೂ ತೊಡಿಸಿ, ಹಿಮ್ಮಡಿಯ ಹಿಂದೆ ಬೆರಳು ತೂರಿಸುವುದು ಅಲ್ಲಿನ ಪಾಠ. ಬೆರಳು ಸಲೀಸಾಗಿ ಹೋದರೆ ಅಳತೆ ಸರಿ, ಹೋಗದಿದ್ದರೆ ಇನ್ನೊಂದು ಪೆಟ್ಟಿಗೆ ಇಳಿಸು. “ಮುಖ ಮರೀಬಹುದು, ಪಾದ ಮರೆಯಲ್ಲ” ಎಂಬುದು ಅವರ ಹೆಮ್ಮೆ. ಎರಡು ವರ್ಷದ ಮೇಲೆ ಬಂದ ಗಿರಾಕಿಯ ಮುಖ ನೋಡದೆ, ಕಾಲು ನೋಡಿ “ಬಲಗಾಲು ಸ್ವಲ್ಪ ಅಗಲ ಅಲ್ವಾ ಸಾರ್” ಎಂದು ಕೇಳಿ ಬೆರಗು ಹುಟ್ಟಿಸಿದ್ದು ಉಂಟು.

ಅವರಿಗೊಬ್ಬರು ಅಕ್ಕ. ಒಂಬತ್ತು ವರ್ಷ ದೊಡ್ಡವರು. ತಾಯಿ ತೀರಿಕೊಂಡಾಗ ತಮ್ಮನಿಗೆ ಆರು, ಅಕ್ಕನಿಗೆ ಹದಿನೈದು. ಹೊಲಿಗೆ ಯಂತ್ರ ತುಳಿದು ತುಳಿದು ತಮ್ಮನನ್ನು ದೊಡ್ಡವನನ್ನಾಗಿ ಮಾಡಿದರು. ಅಂಥ ಅಕ್ಕನಿಗೆ ಕ್ಯಾನ್ಸರ್ ಬಂದಾಗ ತಮ್ಮ ದಿನಾ ಬೆಳಿಗ್ಗೆ ಇದೇ ನೆಲಮಾಳಿಗೆಗೆ ಕರೆತಂದು, ಚಿಕಿತ್ಸೆ ಮುಗಿಸಿ ಮನೆಗೆ ಬಿಟ್ಟು, ಅಂಗಡಿಗೆ ಓಡುತ್ತಿದ್ದರು. ಅಕ್ಕನ ಕಾಲಲ್ಲಿದ್ದದ್ದು ತಮ್ಮನೇ ಆರಿಸಿ ತಂದ ಕಪ್ಪು ಸ್ಯಾಂಡಲ್.

ಮೂರನೇ ವಾರ ಅಕ್ಕ ಅಂದರು, “ಎಡಗಾಲಿಂದು ಕಚ್ತಿದೆ ಕಣೋ ಪುಟ್ಟ.” ತಮ್ಮ ಪಟ್ಟಿಯನ್ನು ಒಂದು ತೂತು ಮುಂದಕ್ಕೆ ಹಾಕಿದರು. ಮರುದಿನ ಮತ್ತೆ ಕಚ್ಚಿತು, ಕೊನೆಯ ತೂತಿಗೆ ಹಾಕಿದರು. ಮೂರನೇ ದಿನ ತೂತೇ ಉಳಿದಿರಲಿಲ್ಲ. ಅಂಗಡಿಯಿಂದ ದಬ್ಬಳ ತಂದು, ಪಟ್ಟಿಯ ತುದಿಗೆ ಹೊಸ ತೂತು ಕೊರೆದು, ಸುತ್ತ ಅಂಚು ಕಟ್ಟಿ, “ನೋಡಕ್ಕ, ಕಂಪನೀದೇ ಅನ್ಸುತ್ತೆ” ಎಂದು ತೋರಿಸಿದರು. ಅಕ್ಕ ಮೆಚ್ಚಿದರು. ನಾಲ್ಕನೇ ದಿನ ಬೆಳಿಗ್ಗೆ ಇದೇ ಮೆಟ್ಟಿಲುಗಳ ಮೇಲೆ ಅಕ್ಕನಿಗೆ ಉಸಿರು ಸಿಗಲಿಲ್ಲ. ಎದೆ ಹಿಡಿದುಕೊಂಡು ಕುಸಿದರು.

ಓಡಿ ಬಂದವರು ವಿಭಾಗದ ಹಿರಿಯ ನರ್ಸ್, ಎಲ್ಲರ ಬಾಯಲ್ಲಿ ದೊಡ್ಡ ಸಿಸ್ಟರ್. ಸೀರೆಯ ಅಂಚು ಸರಿಸಿ ಕಾಲು ನೋಡಿದವರೇ ಕೇಳಿದರು, “ಯಾವಾಗಿಂದ ಊತ ಇದು?” ಅಕ್ಕನ ಕಾಲಿಂದ ಜಾರಿದ್ದ ಸ್ಯಾಂಡಲ್ಲನ್ನು ತಮ್ಮ ಎತ್ತಿ, ಒಂದೊಂದೇ ತೂತನ್ನು ಬೆರಳಿಟ್ಟು ತೋರಿಸಿದರು. ಶನಿವಾರ, ಭಾನುವಾರ, ಸೋಮವಾರ.

ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಸಾವಿನ ಜೊತೆ ಕುಸ್ತಿಯಾಡಿ ಅಕ್ಕ ಗೆದ್ದುಬಂದರು. ಆ ಹನ್ನೊಂದು ದಿನದಲ್ಲಿ ಒಂದು ದಿನ ವರಾಂಡದಲ್ಲಿ ತಲೆ ತಗ್ಗಿಸಿ ಕೂತಿದ್ದ ತಮ್ಮನ ಪಕ್ಕ ದೊಡ್ಡ ಸಿಸ್ಟರ್ ಬಂದು ಕೂತರು. ಬಯ್ಯಲಿಲ್ಲ. “ಇಲ್ಲಿರೋ ನಾವ್ಯಾರೂ ನೋಡದ್ದನ್ನ ನೀವು ಮೂರು ದಿನ ಮುಂಚೆ ನೋಡಿದ್ರಿ. ಹೇಳೋದೊಂದು ಬಾಕಿ ಇತ್ತು” ಎಂದರು.

ಆ ಮಾತನ್ನು ಚಪ್ಪಲಿಯಣ್ಣ ಇವತ್ತಿಗೂ ಮರೆತಿಲ್ಲ. “ಅಕ್ಕನ ಕಾಲು ನನ್ನ ಕೈಯಲ್ಲೇ ಇತ್ತು. ಅದು ಹೇಳ್ತಾನೇ ಇತ್ತು. ನಾನು ಪಟ್ಟಿ ಸಡಿಲ ಮಾಡಿ ಮಾಡಿ ಅದರ ಬಾಯಿ ಮುಚ್ಚಿಸ್ದೆ. ನನಗೆ ಕೆಲಸ ಗೊತ್ತಿತ್ತಲ್ಲ, ಅದೇ ತಪ್ಪಾಯ್ತು. ಕೆಲಸ ಗೊತ್ತಿಲ್ದೋರು ಆಗಿದ್ರೆ ಡಾಕ್ಟ್ರ ಹತ್ರ ಹೋಗ್ತಿದ್ರು.”

ಅದೇ ವರ್ಷ ಅಂಗಡಿಯ ಮುದುಕ ಮಾಲೀಕರು ಬಾಗಿಲು ಹಾಕಿದರು. ಬೇರೆ ಅಂಗಡಿಗಳು ಕರೆದವು. ಇವರು ನೆಟ್ಟಗೆ ಬಂದದ್ದು ದೊಡ್ಡ ಸಿಸ್ಟರ್ ಬಳಿಗೆ. ರೇಡಿಯೇಷನ್ ಮುಗಿಸಿ ಬಂದವರು ಚಪ್ಪಲಿ ಹುಡುಕಲು ಬಗ್ಗಿ, ತಲೆ ಸುತ್ತಿ ಬೀಳುತ್ತಿದ್ದ ಕಾಲ ಅದು. ಚಪ್ಪಲಿ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಹೀಗೆ ಕಪಾಟೂ ಬಂತು, ಚಪ್ಪಲಿಯಣ್ಣನೂ ಬಂದರು.

ಅಕ್ಕನಿಗೆ ಈಗ ಅರವತ್ತಾರು. ಹೊಲಿಗೆ ಬಿಟ್ಟಿಲ್ಲ, ನಾಲಿಗೆಯ ಹರಿತವನ್ನೂ ಬಿಟ್ಟಿಲ್ಲ. ತಮ್ಮನ ಕಾಲೆಳೆಯಲು ಅವರಿಗೆ ನೆಪ ಬೇಕಿಲ್ಲ. “ನಾನು ಹೊಲಿದು ತೂತು ಮುಚ್ಚೋಳು, ಇವನು ಕೊರೆದು ತೂತು ಮಾಡೋನು. ಇಬ್ರನ್ನೂ ಒಂದೇ ತಾಯಿ ಹೆತ್ಲಾ ಅಂತ ನನಗೇ ಅನುಮಾನ” ಎಂದು ನಗುತ್ತಾರೆ. ನಕ್ಕ ಮೇಲೆ, “ಆ ತೂತಿನ ದೆಸೆಯಿಂದ ಈಗ ಎಷ್ಟೋ ಜನ ಉಸಿರಾಡ್ತಿದ್ದಾರೆ ಅಂತೆ, ಸಿಸ್ಟರ್ ಹೇಳಿದ್ರು” ಎನ್ನುತ್ತಾರೆ.

ಎಷ್ಟು ಜನ? ಚಪ್ಪಲಿಯಣ್ಣ ಲೆಕ್ಕ ಇಟ್ಟಿಲ್ಲ, ದೊಡ್ಡ ಸಿಸ್ಟರ್ ಇಟ್ಟಿದ್ದಾರೆ. ದಿನಕ್ಕೆ ಐವತ್ತೆಂಟು ರೋಗಿಗಳು, ನೂರ ಹದಿನೈದು ಪಾದಗಳು. “ನೂರ ಹದಿನಾರು ಆಗ್ಬೇಕಿತ್ತು. ಪೇಂಟರ್ ಅಣ್ಣ ಒಂದನ್ನ ಮನೇಲೇ ಬಿಟ್ಟು ಬರ್ತಾರೆ” ಎಂದು ಒಂಟಿಗಾಲಿನ ಪೇಂಟರ್ ಎದುರಿಗೇ ಚಪ್ಪಲಿಯಣ್ಣ ಹೇಳುತ್ತಾರೆ, ಪೇಂಟರೇ ಮೊದಲು ನಗುತ್ತಾರೆ. ಆ ಮಂಗಳವಾರಕ್ಕೆ ಮುಂಚೆ, ಹನ್ನೊಂದು ವರ್ಷದಲ್ಲಿ ಕಾಲು ನೋಡಿ ಸಿಸ್ಟರ್ ಬಳಿಗೆ ಓಡಿದ್ದು ನಲವತ್ತಾರು ಸಲ. ಸ್ಕ್ಯಾನ್ ಮಾಡಿದಾಗ ಹತ್ತೊಂಬತ್ತು ಮಂದಿಯ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿತು.

“ಉಳಿದ ಇಪ್ಪತ್ತೇಳು ಸಲ ಸುಮ್ನೆ ಓಡಿದ್ದು. ಏನೂ ಇರ್ಲಿಲ್ಲ. ಏನೂ ಇಲ್ಲ ಅಂದ್ರೆ ಖುಷಿ ಪಡಬೇಕಲ್ವಾ?” ಎನ್ನುವ ಅವರಿಗೆ ಓಡಲೂ ಒಂದು ನಿಯಮ ಇದೆ. “ಎರಡೂ ಕಾಲು ಊದಿದ್ರೆ ನಡ್ಕೊಂಡು ಹೋಗಿ ಹೇಳ್ತೀನಿ. ಒಂದೇ ಕಾಲು ಊದಿದ್ರೆ ಓಡ್ತೀನಿ.”

ಇದರಲ್ಲಿ ತಿರುಳಿದೆ ಎನ್ನುತ್ತಾರೆ ವಿಭಾಗದ ವೈದ್ಯೆ. “ಕ್ಯಾನ್ಸರ್ ಇರೋವಾಗ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ರೇಡಿಯೇಷನ್ ದಿನಗಳಲ್ಲಿ ಸುಸ್ತಾಗಿ ಜನ ಮಲಗೇ ಇರ್ತಾರೆ. ಹೊಟ್ಟೆ ಕೆಡುತ್ತೆ, ಉರಿ ಇರುತ್ತೆ ಅಂತ ನೀರು ಕಮ್ಮಿ ಮಾಡ್ತಾರೆ. ಕೆಲವರಿಗೆ ಕೀಮೋ ಕೂಡ ಜೊತೆಗೇ ನಡೀತಿರುತ್ತೆ. ಕಾಲಲ್ಲಿ ಹೆಪ್ಪು ಕೂತ್ರೆ ಸಾಮಾನ್ಯವಾಗಿ ಒಂದೇ ಕಾಲು ಊದುತ್ತೆ, ಮೀನಖಂಡ ನೋಯುತ್ತೆ, ಮುಟ್ಟಿದ್ರೆ ಬಿಸಿ ಇರುತ್ತೆ. ಕೆಲವರಿಗೆ ಅದೂ ಗೊತ್ತಾಗಲ್ಲ. ನಾನು ರೋಗೀನ ವಾರಕ್ಕೊಮ್ಮೆ ನೋಡ್ತೀನಿ. ಅವರು ವಾರಕ್ಕೆ ಐದು ದಿನ, ಅದೇ ಕಾಲು, ಅದೇ ಚಪ್ಪಲಿ ನೋಡ್ತಾರೆ. ನಿನ್ನೆಗೂ ಇವತ್ತಿಗೂ ಇರೋ ವ್ಯತ್ಯಾಸ ಅವರ ಬೆರಳಿಗೆ ಗೊತ್ತಾದಷ್ಟು ನನಗೆ ಗೊತ್ತಾಗಲ್ಲ.”

ಚಪ್ಪಲಿಯಣ್ಣನ ವಿವರಣೆ ಇನ್ನೂ ಸುಲಭ. ಸರದಿಗಾಗಿ ಬೆಂಚಿನ ಮೇಲೆ ಕೂತವರಿಗೆ ಅವರು ದಿನಾ ಹೇಳುತ್ತಾರೆ, “ಹಾಲಿನ ಪಾತ್ರೇನ ಅಲ್ಲಾಡಿಸ್ದೆ ಒಂದ್ಕಡೆ ಇಟ್ರೆ ತಾನೇ ಹೆಪ್ಪುಗಟ್ಟೋದು? ಕಾಲು ಆಡಿಸಿ, ಕಾಲು ಆಡಿಸಿ.” ಆಗ ಬೆಂಚಿನುದ್ದಕ್ಕೂ ಹತ್ತು ಹನ್ನೆರಡು ಮಂದಿ ಹೊಲಿಗೆ ಯಂತ್ರ ತುಳಿಯುವಂತೆ ಪಾದ ಮೇಲೆ ಕೆಳಗೆ ಮಾಡತೊಡಗುತ್ತಾರೆ. ಇದು ಅಕ್ಕ ಹೇಳಿಕೊಟ್ಟ ವ್ಯಾಯಾಮ. ನಿವೃತ್ತ ಮೇಷ್ಟ್ರು ಮಾತ್ರ ಕಣ್ಣು ತಪ್ಪಿಸುತ್ತಾರೆ, ಸಿಕ್ಕಿಬೀಳುತ್ತಾರೆ.

ಎಲ್ಲವೂ ಮೊದಲಿಂದ ಹೀಗೆ ಸಲೀಸಾಗಿರಲಿಲ್ಲ. ಮೊದಲ ವರ್ಷ ಇವರು ಓಡಿ ಹೋಗಿ ಹೇಳಿದಾಗ, ಆಗಿದ್ದ ವೈದ್ಯರೊಬ್ಬರು “ಚಪ್ಪಲಿ ನೋಡೋರು ಚಪ್ಪಲಿ ನೋಡಲಿ” ಎಂದು ಅಲ್ಲಿಗೇ ಮಾತು ತುಂಡರಿಸಿದ್ದರು. ಇವರು ಅದನ್ನು ಹೊಟ್ಟೆಗೆ ಹಾಕಿಕೊಂಡು ಮುಂದಿನ ಸಲವೂ ಓಡಿದರು. ಮೂರನೇ ಸಲ ಸ್ಕ್ಯಾನ್‌ನಲ್ಲಿ ಹೆಪ್ಪು ಕಂಡ ಮೇಲೆ ಆ ವೈದ್ಯರೇ ಕೆಳಗಿಳಿದು ಬಂದು ಕಪಾಟಿನ ಮುಂದೆ ನಿಂತು ಕ್ಷಮೆ ಕೇಳಿದರಂತೆ. “ದೊಡ್ಡ ಮನಸ್ಸು ಅವರದ್ದು” ಎನ್ನುವ ಚಪ್ಪಲಿಯಣ್ಣನಿಗೆ ಆ ಮೊದಲ ಮಾತಿಗಿಂತ ಈ ಕ್ಷಮೆಯೇ ಹೆಚ್ಚು ನೆನಪಿದೆ.

ತಪ್ಪಿದ್ದೂ ಉಂಟು. ಒಬ್ಬರು ಅಜ್ಜಿ ದಿನಾ ಸ್ಟ್ರೆಚರ್ ಮೇಲೆ ಬರುತ್ತಿದ್ದರು, ಕತ್ತಿನವರೆಗೆ ಹೊದಿಕೆ. ಕಾಲು ಊದಿದ್ದು ಯಾರಿಗೂ ಕಾಣಲಿಲ್ಲ. ಒಂದು ಗುರುವಾರ ಅಜ್ಜಿ ಬರಲಿಲ್ಲ, ಆಮೇಲೆ ತೀರಿಕೊಂಡ ಸುದ್ದಿ ಬಂತು. “ಅವರಿಗೆ ಚಪ್ಪಲಿ ಇರ್ಲಿಲ್ಲ, ಹಾಗಾಗಿ ನಾನು ನೋಡ್ಲೇ ಇಲ್ಲ” ಎಂದು ಹೇಳಿ ಚಪ್ಪಲಿಯಣ್ಣ ಬಹಳ ಹೊತ್ತು ಕೈ ಒರೆಸುತ್ತಾರೆ. ಅಂದಿನಿಂದ ಕಪಾಟಿನ ಮೂವತ್ತಾರನೇ ಗೂಡಿನಲ್ಲಿ ಒಂದು ಜೊತೆ ಕಪ್ಪು ಸ್ಯಾಂಡಲ್ ಇರುತ್ತದೆ. ಅಕ್ಕನದು, ಎಡಪಟ್ಟಿಯ ತುದಿಯಲ್ಲಿ ಒಂದು ಹೆಚ್ಚಿನ ತೂತು ಇರುವಂಥದ್ದು. ಸ್ಟ್ರೆಚರ್ ಮೇಲೆ ಬಂದ ಪ್ರತಿಯೊಬ್ಬರ ಹೊದಿಕೆ ಸರಿಸಿ, ಆ ಸ್ಯಾಂಡಲ್ ಒಮ್ಮೆ ತೊಡಿಸಿ, ಪಟ್ಟಿ ಎಷ್ಟನೇ ತೂತಿಗೆ ಬಂತು ಎಂದು ನೋಡಿ, ತೆಗೆದಿಡುತ್ತಾರೆ. ನಡೆಯಲಾಗದ ಕಾಲಿಗೆ ಚಪ್ಪಲಿ ಯಾಕೆ ಎಂದು ಹೊಸಬರು ಹುಬ್ಬೇರಿಸುತ್ತಾರೆ. ಮಲಗಿದವರು ಹಾಗೆ ಕೇಳುವುದಿಲ್ಲ. ಎಷ್ಟೋ ತಿಂಗಳಿಂದ ನೆಲ ಮುಟ್ಟದ ಪಾದಕ್ಕೆ ಯಾರೋ ಸ್ಯಾಂಡಲ್ ತೊಡಿಸಿದಾಗ ಅವರ ಮುಖ ಅರಳುವುದನ್ನು ನೋಡಬೇಕು.

ಇಷ್ಟೆಲ್ಲ ಬೆನ್ನ ಹಿಂದೆ ಇಟ್ಟುಕೊಂಡ ಮನುಷ್ಯ ಆ ಮಂಗಳವಾರ ಬೇಕರಿಯಮ್ಮನ ಮುಂದೆ, ಅವರ ಗಂಡನ ಚಪ್ಪಲಿ ಹಿಡಿದು ಕೂತಿದ್ದಾರೆ. ಅಷ್ಟರಲ್ಲಿ ಬೇಕರಿಯಮ್ಮನ ಫೋನು ಹೊಡೆದುಕೊಳ್ಳುತ್ತದೆ. ಗಂಡ ಬಸ್ ಡ್ರೈವರ್. ಎಂಜಿನ್ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವರ ದನಿ ದೊಡ್ಡದಾಗಿಬಿಟ್ಟಿದೆ. ಬೆಂಚಿನ ಕೊನೆಯವರೆಗೂ ಕೇಳುತ್ತದೆ.

“ಲೇ, ನನ್ನ ಚಪ್ಪಲಿ ಏನಾದ್ರೂ ನೋಡಿದ್ಯಾ? ಮಂಚದ ಕೆಳಗೆಲ್ಲ ಹುಡುಕ್ದೆ. ನಿನ್ನ ಸ್ಯಾಂಡಲ್ ಇಲ್ಲೇ ಇದೆಯಲ್ಲ. ಬರೀಗಾಲಲ್ಲಿ ಹೋದ್ಯಾ?”

ಬೇಕರಿಯಮ್ಮ ಫೋನನ್ನು ಮಡಿಲಿಗೆ ಇಳಿಸಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. “ಅಲೋ, ಅಲೋ” ಎಂದು ಆ ಕಡೆಯಿಂದ ಗಂಡ ಕರೆಯುತ್ತಲೇ ಇದ್ದಾರೆ.

ಚಪ್ಪಲಿಯಣ್ಣ ಕೈ ಚಾಚಿ ಫೋನು ತೆಗೆದುಕೊಳ್ಳುತ್ತಾರೆ. “ಸಾರ್, ನಿಮ್ಮ ಚಪ್ಪಲಿ ನನ್ನ ಹತ್ರ ಜೋಪಾನವಾಗಿದೆ. ಕಾಲಿಗೆ ಏನು ಸಿಗುತ್ತೋ ಅದನ್ನ ಹಾಕ್ಕೊಂಡು ಈಗಲೇ ಬನ್ನಿ” ಎಂದು ಹೇಳಿ ಫೋನನ್ನು ವಾಪಸು ಅವರ ಮಡಿಲಲ್ಲಿ ಇಡುತ್ತಾರೆ. ಆಮೇಲೆ ಬೇಕರಿಯಮ್ಮನ ಮುಖ ನೋಡಿ, ತಗ್ಗಿದ ದನಿಯಲ್ಲಿ, “ಅಮ್ಮ, ನಾನು ಒಂದ್ಸಲ ಬಾಯಿ ಮುಚ್ಕೊಂಡಿದ್ದೆ. ಇನ್ನೊಂದ್ಸಲ ಆಗಲ್ಲ. ನೀವು ಎದ್ದು ನಡೀಬೇಡಿ, ಕಾಲು ಉಜ್ಜಬೇಡಿ. ಕೂತಿರಿ” ಎನ್ನುತ್ತಾರೆ.

ಏಳುವಾಗ ಮಂಡಿ ಲಟಕ್ಕೆನ್ನುತ್ತದೆ. ಓಡುತ್ತಾರೆ. ನಲವತ್ತೇಳನೇ ಸಲ.

ಎಂಟು ಗಂಟೆಗೆ ಸ್ಕ್ಯಾನ್ ಆಗುತ್ತದೆ. ಮೊಣಕಾಲಿನ ಹಿಂದಿನಿಂದ ತೊಡೆಯವರೆಗೆ ರಕ್ತನಾಳದಲ್ಲಿ ಹೆಪ್ಪು. ಶ್ವಾಸಕೋಶಕ್ಕೆ ಇನ್ನೂ ಹೋಗಿಲ್ಲ. ಒಂಬತ್ತಕ್ಕೆ ರಕ್ತ ತೆಳುವಾಗಿಸುವ ಮೊದಲ ಇಂಜೆಕ್ಷನ್ ಬೀಳುತ್ತದೆ. ಆಮೇಲೆ ವೈದ್ಯೆ ಮಂಚದ ಪಕ್ಕ ಕೂತು ಹೇಳಿದ ಮಾತು ಬೇಕರಿಯಮ್ಮನ ಹೆದರಿಕೆಯ ಬುಡವನ್ನೇ ಅಲ್ಲಾಡಿಸುತ್ತದೆ. “ಯಾರು ಹೇಳಿದ್ದು ನಿಲ್ಲಿಸ್ತೀವಿ ಅಂತ? ಇಂಜೆಕ್ಷನ್ ಅದರ ಪಾಡಿಗೆ, ರೇಡಿಯೇಷನ್ ಅದರ ಪಾಡಿಗೆ ನಡೆಯುತ್ತೆ. ರಕ್ತ ಹೋಗ್ತಿದ್ಯಾ ಅಂತ ದಿನಾ ನಿಗಾ ಇಡ್ತೀವಿ. ಇವತ್ತು ತಪ್ಪಿದ ಒಂದು ದಿನಾನ ಕೊನೇಲಿ ಸೇರಿಸ್ತೀವಿ.” ಬೇಕರಿಯಮ್ಮ ಅಳುತ್ತಾರೆ. ರೋಗ ಬಂದಾಗ ಅಷ್ಟು ಅತ್ತಿರಲಿಲ್ಲವಂತೆ. ನಿನ್ನೆ ಸಂಜೆಯಿಂದ ಕಾಲು ಬಚ್ಚಿಟ್ಟುಕೊಂಡು ಓಡಾಡಿದ್ದು ಬರೀ ಒಂದು ಗಾಳಿಮಾತಿಗೆ ಎಂದು ಈಗ ತಿಳಿದಿದೆ.

ಗಂಡ ಬಂದದ್ದು ಡ್ಯೂಟಿ ಶೂನಲ್ಲಿ, ಕಾಲುಚೀಲ ಇಲ್ಲದೆ, ಲೇಸು ಕಟ್ಟದೆ. ಕಪಾಟಿನಿಂದ ತಮ್ಮ ಚಪ್ಪಲಿ ತೆಗೆದುಕೊಂಡು, ಹಾಕಿಕೊಳ್ಳುವುದು ಬಿಟ್ಟು ಎದೆಗೆ ಒತ್ತಿ ಹಿಡಿದು ನಿಂತುಬಿಟ್ಟರು. “ನಾನು ದಿನಾ ಜೊತೇಲೇ ಇರ್ತೀನಿ ಅಣ್ಣ. ನನಗೆ ಕಾಣ್ಲಿಲ್ಲ. ನಿಮಗೆ ಕಂಡಿದ್ದಕ್ಕೆ ಹೇಗೆ ಹೇಳ್ಲಿ...” ಎಂದರು. ದೊಡ್ಡ ದನಿಯ ಮನುಷ್ಯನ ದನಿ ಅಂದು ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ. ಚಪ್ಪಲಿಯಣ್ಣ ಅವರ ಶೂ ಲೇಸು ಕಟ್ಟಿ ಕಳಿಸಿದರು.

ಬೇಕರಿಯಮ್ಮ ಮಾತ್ರ ಎರಡು ದಿನ ಮುನಿಸಿಕೊಂಡಿದ್ದರು. ಗಾಲಿಕುರ್ಚಿಯಲ್ಲಿ ಬಂದು, ಗೋಡೆ ನೋಡುತ್ತ ಕಾಲು ಚಾಚಿ, ಗೋಡೆ ನೋಡುತ್ತಲೇ ಹೋಗುತ್ತಿದ್ದರು. ಗುಟ್ಟು ಬಿಟ್ಟುಕೊಟ್ಟವರ ಮೇಲೆ ಸಿಟ್ಟು ಇಳಿಯಲು ಸಮಯ ಬೇಕು, ಅವರು ಒಳ್ಳೆಯದನ್ನೇ ಮಾಡಿದ್ದರೂ. ಚಪ್ಪಲಿಯಣ್ಣ ಒತ್ತಾಯ ಮಾಡಲಿಲ್ಲ. ಮೂರನೇ ದಿನ ಅವರು ಬಾಯಿ ತೆರೆಯುವ ಮುಂಚೆಯೇ ಬೇಕರಿಯಮ್ಮ ಹೇಳಿದರು, “ನೀರು ಕುಡ್ದಿದ್ದೀನಿ ಅಣ್ಣ. ಎರಡು ಲೋಟ ಜಾಸ್ತೀನೇ.” ಅಲ್ಲಿಗೆ ರಾಜಿಯಾಯಿತು.

ಈ ಘಟನೆಯ ಮರುವಾರ ದೊಡ್ಡ ಸಿಸ್ಟರ್ ರೋಗಿಗಳ ದಿನದ ಹಾಳೆಯಲ್ಲಿ ಎರಡು ಹೊಸ ಚೌಕ ಸೇರಿಸಿದ್ದಾರೆ. ಎಡಗಾಲು, ಬಲಗಾಲು. ಯಂತ್ರ ನಡೆಸುವವರು ಅವನ್ನು ತುಂಬದೆ ಒಳಗೆ ಬಿಡುವಂತಿಲ್ಲ. ಅವರಿಗೆಲ್ಲ ಬೆರಳು ತೂರಿಸುವುದನ್ನು ಹೇಳಿಕೊಟ್ಟವರು ಚಪ್ಪಲಿಯಣ್ಣ. “ಪಾಠ ಹೇಳಕ್ಕೆ ನಾನೇನು ಮೇಷ್ಟ್ರಾ?” ಎಂದು ಮೊದಲು ಹಿಂದೇಟು ಹಾಕಿದರು. ಆಮೇಲೆ ಬೆಂಚಿನ ಮೇಲಿದ್ದ ನಿವೃತ್ತ ಮೇಷ್ಟ್ರ ಕಾಲನ್ನೇ ಮಾದರಿಗೆ ಇಟ್ಟುಕೊಂಡು ಅರ್ಧ ಗಂಟೆ ಪಾಠ ಮಾಡಿದರು. ಮೇಷ್ಟ್ರು ಅಂದು ಕಾಲು ಆಡಿಸದೆ ಕೂರಲು ಅನುಮತಿ ಸಿಕ್ಕಿತಲ್ಲ ಎಂದು ಸಂತೋಷಪಟ್ಟರು.

ನಿವೃತ್ತಿಗೆ ಇನ್ನು ಮೂರು ವರ್ಷ. ಏನಾದರೂ ಬೇಕೆ ಎಂದು ಆಡಳಿತದವರು ಕೇಳಿದಾಗ ಅವರು ಕೇಳಿದ್ದು ಒಂದೇ, ಪಾದರಕ್ಷೆ ಅಂಗಡಿಯ ಆ ಇಳಿಜಾರು ಹಲಗೆಯ ಸ್ಟೂಲು. ಮಂಡಿಯೂರಿ ಮಂಡಿಯೂರಿ ಮಂಡಿ ಹೋಗಿದೆ. ಸ್ಟೂಲು ಬರುತ್ತದಂತೆ. “ಬಂದ್ರೆ ಕಾಲು ನನ್ನ ಕಣ್ಣಿಗೆ ಇನ್ನೂ ಹತ್ರ ಬರುತ್ತೆ” ಎನ್ನುತ್ತಾರೆ, ಮಂಡಿನೋವಿನ ಮಾತೇ ಎತ್ತದೆ.

ಇಂದು ಬೇಕರಿಯಮ್ಮನ ಇಪ್ಪತ್ತೈದನೆಯ, ಕೊನೆಯ ದಿನ. ಗಾಲಿಕುರ್ಚಿ ಬಿಟ್ಟು, ಗಂಡನ ಕೈ ಹಿಡಿದು ನಡೆದೇ ಬಂದಿದ್ದಾರೆ. ಮೆಟ್ಟಿಲುಗಳ ಮೇಲೆ ಚಪ್ಪಲಿಯ ಸದ್ದೇ ಇಲ್ಲ, ಎರಡೂ ಕಾಲಿಂದ. ಕಾಲಲ್ಲಿರುವುದು ಹಳೆಯ ಕಂದು ಸ್ಯಾಂಡಲ್. “ನನ್ನ ಚಪ್ಪಲೀನ ಈಗ ಬೀರುವಿನಲ್ಲಿ ಬೀಗ ಹಾಕಿ ಇಡ್ತೀನಿ” ಎಂದು ಗಂಡ ಇಡೀ ನೆಲಮಾಳಿಗೆಗೆ ಕೇಳುವಂತೆ ಹೇಳುತ್ತಾರೆ. ದನಿ ವಾಪಸು ಬಂದಿದೆ.

ಯಂತ್ರದ ಕೋಣೆಯಿಂದ ಹೊರಬಂದು ಬೇಕರಿಯಮ್ಮ ಬೆಂಚಿನ ಮೇಲೆ ಕೂರುತ್ತಾರೆ. ಚಪ್ಪಲಿಯಣ್ಣ ಮಂಡಿಯೂರಿ ಬಲಗಾಲಿಗೆ ತೊಡಿಸುತ್ತಾರೆ, ಬೆರಳು ಹೋಗುತ್ತದೆ. ಎಡಗಾಲಿಗೆ ತೊಡಿಸಿ, ಪಟ್ಟಿ ಕಟ್ಟಿ, ಹಿಮ್ಮಡಿಯ ಹಿಂದೆ ಬೆರಳಿಡುತ್ತಾರೆ. ಬೇಕರಿಯಮ್ಮ ಅವರ ಮುಖವನ್ನೇ ನೋಡುತ್ತಿದ್ದಾರೆ.

“ಅರ್ಧ ಹೋಯ್ತಮ್ಮ” ಎನ್ನುತ್ತಾರೆ ಚಪ್ಪಲಿಯಣ್ಣ.

“ಅರ್ಧನಾ?”

“ಆವತ್ತು ಉಗುರೂ ಹೋಗ್ತಿರ್ಲಿಲ್ಲ. ಕಾಲಿನ ಊತ ಇಳಿಯಕ್ಕೆ ನಿಧಾನ. ರಕ್ತ ತೆಳು ಮಾಡೋ ಮಾತ್ರೆ ಬಿಡಬೇಡಿ, ಒಂದು ದಿನಾನೂ.” ಸ್ಯಾಂಡಲ್ಲಿನ ಪ‌ಟ್ಟಿಯನ್ನು ಸಡಿಲಿಸದೆ ಮೊದಲಿನ ತೂತಿನಲ್ಲೇ ಬಿಟ್ಟು, ಮುಂದಿನ ತೂತುಗಳನ್ನು ಹೆಬ್ಬೆರಳಿಂದ ಒಮ್ಮೆ ಸವರಿ, ನಿಧಾನಕ್ಕೆ ಎದ್ದು ನಿಲ್ಲುತ್ತಾರೆ. “ಮುಂದಿನ ತಿಂಗಳು ಚೆಕಪ್‌ಗೆ ಬರ್ತೀರಲ್ಲ, ಆಗ ಇದೇ ಸ್ಯಾಂಡಲ್ ಹಾಕ್ಕೊಂಡು ಬನ್ನಿ. ಉಳಿದ ಅರ್ಧ ಬೆರಳು ಆವತ್ತು ನೋಡೋಣ.”